ಕತ್ತರಿಸದೆ ಬಿಟ್ಟ ಬಾಲ

ಬೆಳಿಗ್ಗೆ ಎದ್ದಾಗಿನಿಂದ ಅವನಿಗೆ ಯಾರೋ ಹಿಂದಿನಿಂದ ಬೆನ್ನು ತಟ್ಟುತ್ತಿದ್ದಾರೆ ಅನ್ನಿಸುತ್ತಿತ್ತು. ಹಲ್ಲುಜ್ಜುವಾಗ, ಶೂ ಹಾಕಿಕೊಳ್ಳುವಾಗ, ಕನ್ನಡಕದಂಗಡಿಯ ಷಟರು ಎತ್ತುವಾಗ ಕೂಡ. ಸಂಜೆ ಆರಕ್ಕೆ ಆಲ್ಬಂ ಹೊರಬೀಳುತ್ತದೆ. ಹಿಂದೆ ಯಾವ ಕಂಪನಿಯೂ ಇಲ್ಲ, ಯಾರ ಕೈಕಾಲೂ ಹಿಡಿದಿಲ್ಲ. ನಾಲ್ಕು ದೇಶಗಳಲ್ಲಿ ಕೂತ ನಾಲ್ಕು ಜನ, ಒಬ್ಬರನ್ನೊಬ್ಬರು ಎದುರಾಬದುರಾ ಕಂಡವರೇ ಅಲ್ಲ, ಮೂರು ವರ್ಷ ಇಂಟರ್ನೆಟ್ಟಿನಲ್ಲಿ ಫೈಲು ಕಳಿಸಿ, ತರಿಸಿಕೊಂಡು, ಜಗಳವಾಡಿ, ಮುನಿಸಿಕೊಂಡು ಕಟ್ಟಿದ ನಾಲ್ಕು ಹಾಡು. ಪ್ರೊಗ್ರೆಸಿವ್ ರಾಕ್ ಅಂದರೆ ಏನು ಎಂದು ಕೇಳಿದವರಿಗೆ ಅವನು ಮೊದಮೊದಲು ವಿವರಿಸುತ್ತಿದ್ದ; ಒಂದೊಂದು ಹಾಡೂ ಉದ್ದ, ತಾಳ ನಾಲ್ಕರ ಎಣಿಕೆಯಲ್ಲಿ ಇರಲೇಬೇಕೆಂದಿಲ್ಲ, ಏಳು ಇರಬಹುದು, ಹನ್ನೊಂದು ಇರಬಹುದು. ಕೇಳಿದವರು ಪಾಪ ಅಂತ ನೋಡುತ್ತಿದ್ದರು. ಆಮೇಲೆ ವಿವರಿಸುವುದನ್ನು ಬಿಟ್ಟ. ಅಂಗಡಿಯ ಮಾಲೀಕರು ಮಾತ್ರ ಇವತ್ತಿಗೂ ಗಿರಾಕಿಗಳ ಮುಂದೆ, ನಮ್ಮ ಹುಡುಗ ಒಳ್ಳೇ ಗಿಟಾರ್ ಬಾರಿಸ್ತಾನೆ, ಆರ್ಕೆಸ್ಟ್ರಾ ಇದೆ ಅವನದು, ಅನ್ನುತ್ತಾರೆ. ಹುಡುಗನಿಗೆ ನಲವತ್ತೆಂಟು. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿದೆ. ಆದರೆ ಇವತ್ತು ಆ ಮಾತಿಗೂ ಸಿಟ್ಟು ಬರಲಿಲ್ಲ, ಒಳಗಿನ ಕೋಣೆಗೆ ಹೋಗಿ ಯಂತ್ರ ಹಾಕಿ ಮೊದಲ ಲೆನ್ಸು ಉಜ್ಜಲು ಕೂತ.

ಚಕ್ರಕ್ಕೆ ಗಾಜು ತಾಗಿದಾಗ ಬರುವ ಸದ್ದು ಸರಿಯಾಗಿ ಒಂದು ಸ್ವರ. ಅದನ್ನೇ ಎರಡನೇ ಹಾಡಿನ ಆರಂಭಕ್ಕೆ ಹಾಕಿದ್ದ. ಹಡಗಿನಜ್ಜ ಅದನ್ನು ಕೇಳಿ, ಇದು ನನ್ನ ಎಂಜಿನ್ ಕೋಣೆಯ ಸದ್ದು, ಎಲ್ಲಿಂದ ಕದ್ದೆ, ಎಂದು ಬರೆದಿದ್ದ. ಹಡಗಿನಜ್ಜ ಎನ್ನುವುದು ಅವನೇ ಮನಸ್ಸಿನಲ್ಲಿ ಇಟ್ಟುಕೊಂಡ ಹೆಸರು. ಇಡೀ ಆಯುಷ್ಯ ಹಡಗಿನ ಎಂಜಿನ್ನುಗಳ ನಡುವೆ ಕಳೆದು, ಒಂದು ಕಿವಿಯನ್ನು ಅವಕ್ಕೇ ಕೊಟ್ಟು, ಉಳಿದ ಒಂದರಲ್ಲಿ ಕೀಬೋರ್ಡ್ ನುಡಿಸುವ ಮುದುಕ. ಡ್ರಮ್ಮಿನವನು ಗೋದಾಮು, ಅವರಣ್ಣನ ಪೀಠೋಪಕರಣದ ಗೋದಾಮಿನಲ್ಲಿ ಸೋಫಾಗಳ ಮಧ್ಯೆ ಕೂತು ಬಾರಿಸುತ್ತಾನೆ, ಸದ್ದನ್ನೆಲ್ಲ ಸೋಫಾಗಳು ಕುಡಿಯುತ್ತವಂತೆ. ಹಾಡುವವಳು ಕಪಾಟಿನಕ್ಕ. ಪಕ್ಕದ ಮನೆಯವರು ಗೋಡೆ ಗುದ್ದುತ್ತಾರೆಂದು ಬಟ್ಟೆಯ ಕಪಾಟಿನೊಳಗೆ, ಕೋಟುಗಳ ನಡುವೆ ನಿಂತು ಹಾಡುವವಳು. ಅವರೆಲ್ಲ ಇವನನ್ನು ಲೆನ್ಸು ಎಂದು ಕರೆಯುತ್ತಾರೆ. ಯಾರ ಭಾಷೆಯೂ ಯಾರಿಗೂ ಬಾರದು. ಅರ್ಧಂಬರ್ಧ ಇಂಗ್ಲಿಷಿನಲ್ಲಿ ಸಂಸಾರ ನಡೆದಿದೆ. ಸ್ವಂತ ಅಣ್ಣತಮ್ಮಂದಿರ ಜೊತೆ ಇಷ್ಟು ಮಾತಾಡಿದ್ದು ಅವನಿಗೆ ನೆನಪಿಲ್ಲ.

ಹತ್ತೂವರೆಯ ಹೊತ್ತಿಗೆ ಅಜ್ಜನ ಮೆಸೇಜು ಬಂತು. ಕೊನೆಯ ಹಾಡಿನ ಆ ಹೆಂಗಸಿಗೆ ನನ್ನ ನಮಸ್ಕಾರ ಹೇಳು, ಇವತ್ತು ಅವಳ ದಿನ, ಎಂದಿತ್ತು. ಕಪಾಟಿನಕ್ಕನಿಗೆ ಕಳಿಸಬೇಕಾದ್ದನ್ನು ಮುದುಕ ತಪ್ಪಿ ತನಗೆ ಕಳಿಸಿದ್ದಾನೆ ಅಂದುಕೊಂಡು ನಕ್ಕು ಫೋನು ಜೇಬಿಗಿಟ್ಟ. ಫ್ರೇಮಿಗೆ ಲೆನ್ಸು ಕೂರಿಸಿದ, ಬಟ್ಟೆಯಿಂದ ಒರೆಸಿದ, ಬೆಳಕಿಗೆ ಹಿಡಿದು ನೋಡಿದ. ಹೇಳು ಅಂದಿದ್ದಾನೆ. ನಿನಗೆ ಅಂದಿಲ್ಲ. ಯಾವ ಹೆಂಗಸಿಗೆ? ಕೊನೆಯ ಹಾಡನ್ನು ಅವರು ಸರತಿಯಲ್ಲಿ ಮಾಡಿದ್ದರು. ಅದು ಅಜ್ಜನದೇ ಹಟ: ಒಬ್ಬರು ನುಡಿಸಿ ಮುಂದಿನವರಿಗೆ ದಾಟಿಸಬೇಕು, ಅವರು ಅದರ ಮೇಲೆ ತಮ್ಮದು ಸೇರಿಸಿ ಮತ್ತೊಬ್ಬರಿಗೆ. ದಾಟಿಸಿದವರು ಅದನ್ನು ವಾಪಸ್ ಕೇಳುವಂತಿಲ್ಲ, ತಿದ್ದುವಂತಿಲ್ಲ. ಕಡೆಯವನಾದ ಅಜ್ಜನೊಬ್ಬನಿಗೇ ಪೂರ್ತಿ ಹಾಡು ಗೊತ್ತು. ಉಳಿದ ಮೂವರೂ ಲೋಕದ ಜೊತೆಗೇ ಕೂತು ಕೇಳಬೇಕು. ಮೊದಲು ನುಡಿಸಿ ದಾಟಿಸಿದವನು ಇವನು. ನುಡಿಸಿ ಮುಗಿಸಿದ ಆ ಭಾನುವಾರ ಸಂತೋಷದಲ್ಲಿ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಒರೆಸುವ ಬಟ್ಟೆ ಕೈಯಲ್ಲೇ ನಿಂತಿತು. ಬಾಲ ಕತ್ತರಿಸಿದೆನಾ?

ಬಾಲ ಎಂದರೆ ಕೊನೆಯ ಸ್ವರದ ನಂತರ ಉಳಿಯುವ ಮೌನ. ತಂತಿಯ ಸದ್ದು ಪೂರ್ತಿ ಸಾಯುವ ತನಕ ಯಾರೂ ಮಿಸುಕಬಾರದು. ಮೈಕು ಆನ್ ಇರುತ್ತದೆ. ಆಮೇಲೆ ಬೇಡದ್ದನ್ನು ಕತ್ತರಿಸಿ ಕಳಿಸಬೇಕು. ಅವನ ಮನೆ ಮೂರನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಅವನು ರೆಕಾರ್ಡು ಮಾಡುವುದು ಮಲಗುವ ಕೋಣೆಯಲ್ಲಿ, ಅದರ ಬಾಗಿಲು ಉಬ್ಬಿಕೊಂಡು ಸರಿಯಾಗಿ ಮುಚ್ಚುವುದಿಲ್ಲ. ಹಾಗಾಗಿ ಮೂರು ವರ್ಷ ಮಿಸುಕದೆ ಇದ್ದವಳು ಅವನ ಹೆಂಡತಿ. ಅವಳು ಪಾತ್ರೆಗಳ ಅಡಿಗೆ ಹಳೇ ಟವೆಲು ಮಡಿಸಿ ಹಾಸಿದ್ದಳು. ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಡುತ್ತಿದ್ದಳು. ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬರುತ್ತಿದ್ದಳು. ಕೆಮ್ಮು ಬಂದರೆ ಬಚ್ಚಲಿಗೆ ಹೋಗಿ ಬಾಯಿಗೆ ಬಟ್ಟೆ ಒತ್ತಿಕೊಳ್ಳುತ್ತಿದ್ದಳು. ಅವನು ಬಾಯಿ ಬಿಟ್ಟು ಸುಮ್ಮನಿರು ಅಂದವನಲ್ಲ, ಅದೊಂದು ಹೆಮ್ಮೆ ಬೇರೆ ಅವನಿಗೆ. ಹಿಂತಿರುಗಿ ಕೂಡ ನೋಡದೆ ಎಡಗೈ ಎತ್ತಿ ಅಂಗೈ ತೋರಿಸಿದರೆ ಸಾಕು, ಇಡೀ ಮನೆ ನಿಂತುಹೋಗುತ್ತಿತ್ತು. ಒಂದು ಸಲ ಊಟಕ್ಕೆ ಕೂತಾಗ ತಲೆಯೊಳಗೆ ಏನೋ ರಾಗ ಹೊಳೆದು ಹಾಗೇ ಅಂಗೈ ಎತ್ತಿದ್ದ. ಅವಳು ತುತ್ತು ಅಗಿಯುವುದನ್ನು ನಿಲ್ಲಿಸಿದ್ದಳು. ಆಗ ಅದು ಅವನಿಗೆ ಸಹಜವಾಗಿ ಕಂಡಿತ್ತು. ಈಗ ಲೆನ್ಸಿನ ಪುಡಿ ಅಂಟಿದ ತನ್ನ ಎಡ ಅಂಗೈಯನ್ನು ನೋಡಿಕೊಂಡ, ಪ್ಯಾಂಟಿಗೆ ಉಜ್ಜಿದ.

ಅವಳ ಕೆಲಸವಾದರೂ ಎಂಥದ್ದು ಅಂದರೆ ದನಿಯದ್ದೇ. ಬಸ್‌ಸ್ಟ್ಯಾಂಡಿನಲ್ಲಿ ಅನೌನ್ಸರ್. ಯಾವ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ, ಯಾವುದು ಹೊರಡಲು ತಯಾರಿದೆ, ಯಾರ ಮಗು ಯಾರ ಕೈ ತಪ್ಪಿಸಿಕೊಂಡು ವಿಚಾರಣೆ ಕೌಂಟರಿನಲ್ಲಿ ಅಳುತ್ತಿದೆ, ಎಲ್ಲವನ್ನೂ ಊರಿಗೆ ತಿಳಿಸುವವಳು ಅವಳು. ಅವಳ ಮುಖ ಯಾರಿಗೂ ಗೊತ್ತಿಲ್ಲ, ದನಿ ಗೊತ್ತಿಲ್ಲದವರಿಲ್ಲ. ಅಂಥವಳು ಮನೆಯೊಳಗೆ ಕಾಲಿಟ್ಟ ಕೂಡಲೇ ಮೂಕಿಯಾಗಬೇಕು. ಊರಿಗೆಲ್ಲ ಮಾತಾಡಿ ಮನೆಗೆ ಬಂದರೆ ಬಾಯಿಗೆ ಬೀಗ ನೋಡು ನನಗೆ ಎಂದು ಅವಳು ತನ್ನ ತಮ್ಮನ ಹತ್ತಿರ ಹೇಳಿ ನಕ್ಕದ್ದನ್ನು ಅವನು ಒಮ್ಮೆ ಬಾಗಿಲ ಹೊರಗಿನಿಂದ ಕೇಳಿಸಿಕೊಂಡಿದ್ದ. ನಕ್ಕಳಲ್ಲ ಸದ್ಯ, ಅಂದುಕೊಂಡು ಗಂಟಲು ಸರಿಮಾಡಿಕೊಂಡು ಒಳಗೆ ಹೋಗಿದ್ದ.

ಮಧ್ಯಾಹ್ನ ಊಟದ ಡಬ್ಬಿ ತೆರೆಯಲೇ ಇಲ್ಲ. ಫ್ರೇಮುಗಳ ಪೆಟ್ಟಿಗೆ ಒಟ್ಟಿದ್ದ ಉಗ್ರಾಣದಲ್ಲಿ ಸ್ಟೂಲಿನ ಮೇಲೆ ಕೂತು, ಇಯರ್‌ಫೋನು ಕಿವಿಗೆ ಸಿಕ್ಕಿಸಿ, ತಾನು ಅಂದು ಕಳಿಸಿದ ಫೈಲು ಹುಡುಕಿ ತೆರೆದ. ಗಿಟಾರು ಚೆನ್ನಾಗಿತ್ತು. ಈ ಭಯದ ನಡುವೆಯೂ ಅವನಿಗೆ ಅದು ಗೊತ್ತಾಯಿತು. ಚೆನ್ನಾಗಿತ್ತು, ಅಷ್ಟು ಚೆನ್ನಾಗಿ ಅವನು ಹಿಂದೆಂದೂ ನುಡಿಸಿರಲಿಲ್ಲ. ಕೊನೆಯ ಸ್ವರ ಸಣ್ಣಗಾಗುತ್ತ ಹೋಗಿ ಫ್ರಿಜ್ಜಿನ ಗುಂಯ್ ಸದ್ದಿನೊಳಗೆ ಸೇರಿತು. ಬಟ್ಟೆ ಸರಿದ ಸದ್ದು. ಆಮೇಲೆ, ಬಾಗಿಲ ಸಂದಿಯಿಂದ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಬಸ್‌ಸ್ಟ್ಯಾಂಡಿನ ದನಿಯಲ್ಲಿ:

"ಮುಗೀತಾ? ನಾನೀಗ ಉಸಿರಾಡ್ಬಹುದಾ?"

ಆ ದನಿಯಲ್ಲಿ ಸಿಟ್ಟಿದ್ದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು. ವ್ಯಂಗ್ಯವಿದ್ದಿದ್ದರೂ ಆಗುತ್ತಿತ್ತು. ಎರಡೂ ಇರಲಿಲ್ಲ, ಕೇಳಬೇಕಾದ್ದನ್ನು ಕೇಳಿದ್ದಳು ಅಷ್ಟೆ. ಅದರ ಹಿಂದೆಯೇ ಅವನದೇ ದನಿ, ಮೈಕಿಗೆ ಬೆನ್ನು ಹಾಕದೆ, ಅವಳಿಗೆ ಬೆನ್ನು ಹಾಕಿ: ಹ್ಞೂ. ಅಲ್ಲಿಗೆ ಫೈಲು ಮುಗಿಯುತ್ತಿತ್ತು. ಇಷ್ಟೂ ಗೋದಾಮಿಗೆ ಹೋಗಿದೆ, ಅಲ್ಲಿಂದ ಕಪಾಟಿನಕ್ಕನಿಗೆ, ಅಲ್ಲಿಂದ ಅಜ್ಜನಿಗೆ. ಮೂವರಲ್ಲಿ ಒಬ್ಬರೂ, ಇದೇನಯ್ಯಾ ಲೆನ್ಸು, ಎಂದು ಕೇಳಲಿಲ್ಲ. ವಾಪಸ್ ಕೇಳುವಂತಿಲ್ಲ ಎಂಬ ನಿಯಮವನ್ನು ತಾವೂ ಶಿರಸಾವಹಿಸಿ ಪಾಲಿಸಿದ್ದರು. ಸಂಜೆ ಆರಕ್ಕೆ ಅದು ಎಲ್ಲರ ಕಿವಿಗೂ ಹೋಗುತ್ತದೆ. ಹುಟ್ಟಿದ ಮೇಲೆ ತಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ, ಅದರ ತುದಿಯಲ್ಲಿ ತಾನು ಮನೆಯಲ್ಲಿ ಎಂಥವನು ಎಂಬುದು ಅಂಟಿಕೊಂಡೇ ಹೋಗುತ್ತದೆ.

ಅಷ್ಟರಲ್ಲಿ ಅವಳದೇ ಫೋನು. ದನಿ ಏರಿತ್ತು, ಸಂತೋಷದಲ್ಲಿದ್ದಳು. ಕಂಟ್ರೋಲರಿಗೆ, ಟಿಕೆಟ್ ಕೌಂಟರಿನವರಿಗೆ, ಡಿಪೋದವರಿಗೆ, ಕಂಡಕಂಡವರಿಗೆಲ್ಲ ಹೇಳಿಬಿಟ್ಟಿದ್ದಾಳಂತೆ, ನಮ್ಮವರ ರೆಕಾರ್ಡು ಆರಕ್ಕೆ ಬರುತ್ತೆ ಕೇಳಿ ಅಂತ. ಕಂಟ್ರೋಲರು ಆಫೀಸಿನ ಸ್ಪೀಕರಿಗೇ ಹಾಕುತ್ತೇನೆ ಅಂದಿದ್ದಾರಂತೆ. ತಮ್ಮನೂ ಮನೆಗೆ ಬರುತ್ತಾನಂತೆ. ಊಟ ಆಯಿತಾ ಎಂದು ಕೇಳಿದಳು. ಆಯಿತು ಅಂದ. ಹೇಳಿಬಿಡಬಹುದಿತ್ತು. ಫೋನಿಟ್ಟವನೇ ಅಜ್ಜನಿಗೆ ಬರೆದ: ಕೊನೆಯ ಹಾಡಿನಲ್ಲಿ ತಪ್ಪಾಗಿದೆ, ಆ ದನಿಯನ್ನು ತೆಗೆಯಿರಿ, ಆಗದಿದ್ದರೆ ಇವತ್ತು ಬಿಡುಗಡೆಯೇ ಬೇಡ, ಅದು ನನ್ನ ಹೆಂಡತಿ, ಅವಳಿಗೆ ಅವಮಾನವಾಗುತ್ತದೆ. ಕಳಿಸಿದ ಮೇಲೆ ಓದಿಕೊಂಡ. ಅವಳಿಗೆ ಅವಮಾನವಾಗುತ್ತದೆ ಎಂಬ ಮಾತು ಎಷ್ಟು ಸಲೀಸಾಗಿ ಬಂದಿತ್ತು. ಉಸಿರಾಡಬಹುದಾ ಎಂದು ಕೇಳಿದವಳಿಗೆ ಯಾವ ಅವಮಾನ? ಕೇಳುವಂತೆ ಮಾಡಿದವನದು ಅದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವನು, ಯಾರೂ ಏನೂ ಅನ್ನುವ ಮೊದಲೇ, ಅವಳ ದನಿಯನ್ನು ತೆಗೆಯಿರಿ ಎಂದು ಬರೆದು ಕೂತಿದ್ದ. ಮತ್ತೊಮ್ಮೆ ಎಡಗೈ ಎತ್ತಿದ್ದ. ಈ ಸಲ ಸಮುದ್ರದಾಚೆಯ ತನಕ ಕಾಣುವಂತೆ.

ಅಜ್ಜನ ಉತ್ತರ ಬರಲು ಹೊತ್ತಾಗಲಿಲ್ಲ. ದಾಟಿಸಿದ್ದನ್ನು ವಾಪಸ್ ಕೇಳುವಂತಿಲ್ಲ, ನೀನೇ ಒಪ್ಪಿದ ನಿಯಮ, ಎಂದಿತ್ತು ಒಂದು ಸಾಲು. ಇನ್ನೊಂದು ಸಾಲು: ಆರಕ್ಕೆ ಕೂತು ಕೇಳು, ನಿನ್ನ ಹೆಂಡತಿಯನ್ನೂ ಕೂರಿಸಿಕೋ. ಅವನಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ನಾಚಿಕೆಯಾಯಿತು, ನಾಚಿಕೆಯಾದ ಮೇಲೆ ವಿಚಿತ್ರವಾದ ಒಂದು ನಿರಾಳ. ಇನ್ನು ತನ್ನ ಕೈಯಲ್ಲಿ ಏನೂ ಇರಲಿಲ್ಲ. ಡಬ್ಬಿ ತೆಗೆದು ತಣ್ಣಗಿನ ಊಟ ಮಾಡಿದ, ಸಂಜೆಯ ತನಕ ಬಾಕಿ ಇದ್ದ ಲೆನ್ಸುಗಳನ್ನೆಲ್ಲ ಉಜ್ಜಿದ. ಹೊರಡುವಾಗ ಮಾಲೀಕರು, ಏನಪ್ಪಾ ಇವತ್ತು ನಿಂದೇನೋ ಇದೆಯಂತೆ, ನಮ್ಮ ಮೊಮ್ಮಗಳ ಹುಟ್ಟುಹಬ್ಬಕ್ಕೂ ಒಂದೆರಡು ಹಾಡು ನುಡಿಸು, ಅಂದರು. ಆಗಲಿ ಸಾರ್ ಅಂದ. ಇಪ್ಪತ್ತು ನಿಮಿಷದ ಹಾಡು ಕೇಳಿ ಆ ಮಕ್ಕಳು ಕೇಕಿನ ಮೇಲೇ ನಿದ್ದೆಹೋಗುವ ದೃಶ್ಯ ಕಣ್ಣಿಗೆ ಕಟ್ಟಿ, ಬೀದಿಗಿಳಿದ ಮೇಲೆ ನಗು ಬಂತು.

ಬಸ್‌ಸ್ಟ್ಯಾಂಡಿನೊಳಗಿಂದ ಹಾದರೆ ಮನೆ ಹತ್ತಿರ. ಅವಳ ಡ್ಯೂಟಿ ಮುಗಿಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಕಂಬಕ್ಕೆ ಕಟ್ಟಿದ ಸ್ಪೀಕರಿನಿಂದ, ಪ್ರಯಾಣಿಕರ ಗಮನಕ್ಕೆ, ಎಂದು ಅವಳ ದನಿ ಬಂದಾಗ ಅವನು ನಿಂತ. ಬೆಂಚಿನ ಮೇಲೆ ತೂಕಡಿಸುತ್ತಿದ್ದ ಮುದುಕಿ ತಲೆಯೆತ್ತಿದಳು. ಜಗಳವಾಡುತ್ತಿದ್ದ ಗಂಡಹೆಂಡತಿ ಜಗಳ ನಿಲ್ಲಿಸಿದರು. ಅವಳು ಅಂಕಣದ ಸಂಖ್ಯೆ ಹೇಳಿದ್ದೇ ತಡ, ಚೀಲ, ಪೆಟ್ಟಿಗೆ, ಮಕ್ಕಳು, ಎಲ್ಲರೂ ಎದ್ದು ಒಂದೇ ದಿಕ್ಕಿಗೆ ನಡೆದರು. ಇಷ್ಟು ವರ್ಷ ಇದೇ ದಾರಿಯಲ್ಲಿ ಇಯರ್‌ಫೋನು ಸಿಕ್ಕಿಸಿಕೊಂಡು, ಡ್ರಮ್ಮಿನ ಫೈಲು ಕೇಳುತ್ತ ನಡೆದುಹೋಗಿದ್ದ. ಅವಳು ಪದದ ಕೊನೆಯಲ್ಲಿ ದನಿಯನ್ನು ಸ್ವಲ್ಪ ಮೇಲಕ್ಕೆತ್ತಿ ಅಲ್ಲೇ ಬಿಡುತ್ತಾಳೆ, ಕೆಳಗೆ ಇಳಿಸುವುದಿಲ್ಲ. ತಂತಿ ಎಳೆದು ಹಿಡಿದ ಹಾಗೆ. ಮೂರು ವರ್ಷ ತಾನು ಗಿಟಾರಿನಲ್ಲಿ ಹುಡುಕಿದ್ದು ಇಂಥದ್ದನ್ನೇ ಅಲ್ಲವೇ ಅನ್ನಿಸಿ ಅವನಿಗೆ ಅಳು ಬಂದ ಹಾಗಾಯಿತು. ಬಸ್ಸೊಂದು ಹಾರ್ನ್ ಹೊಡೆಯಿತು, ದಾರಿ ಬಿಟ್ಟು ನಿಂತ.

ಆರಕ್ಕೆ ಮುಂಚೆಯೇ ಭಾವಮೈದ ಬಂದು ಸೋಫಾದ ತುಂಬ ಕೂತಿದ್ದ. ಡ್ರೈವಿಂಗ್ ಸ್ಕೂಲು ನಡೆಸುವವನು, ಪಕ್ಕದಲ್ಲಿ ಕೂತವರನ್ನೆಲ್ಲ ಕಲಿಯಲು ಬಂದವರು ಎಂದೇ ತಿಳಿಯುವ ಮನುಷ್ಯ. ಅವಳು ಡ್ಯೂಟಿಯ ಬಟ್ಟೆಯನ್ನೂ ಬದಲಿಸದೆ ಸ್ಪೀಕರನ್ನು ಹಾಲಿಗೆ ತಂದಿಟ್ಟು, ಧೂಳು ಒರೆಸಿ, ಎದುರಿಗೆ ಕುರ್ಚಿ ಹಾಕಿಕೊಂಡು ಪರೀಕ್ಷೆಗೆ ಬಂದವಳ ಹಾಗೆ ಕೂತಳು. ಅವನು, ಕೊನೇ ಹಾಡಿನ ಬಗ್ಗೆ ನಿನಗೊಂದು ಮಾತು ಹೇಳಬೇಕು ಎಂದು ಶುರುಮಾಡಿದ. ಈಗ ಏನೂ ಹೇಳಬೇಡಿ, ಕೇಳಿಯೇ ತಿಳ್ಕೊಳ್ತೀನಿ, ಮೂರು ವರ್ಷ ಬಾಗಿಲ ಸಂದಿಯಿಂದ ಚೂರುಚೂರು ಕೇಳಿದ್ದಾಯ್ತು, ಅಂದಳು. ಆರಾಯಿತು. ಫೋನಿನಲ್ಲಿ ಅವರ ಆಲ್ಬಂ ಮೂಡಿತು, ಮೇಲೆ ನಾಲ್ವರ ಹೆಸರು. ಒತ್ತಿದ.

ಮೊದಲ ಹಾಡಿನ ನಡುವೆ ಭಾವಮೈದ ಗಂಟೆ ನೋಡಿಕೊಂಡ. ಎರಡನೆಯದರಲ್ಲಿ ಬಾಗಿ, "ಭಾವ, ಇದರಲ್ಲಿ ಹಾಡು ಯಾವಾಗ ಶುರುವಾಗುತ್ತೆ?" ಎಂದು ಕೇಳಿದ.

"ಶುರುವಾಗಿ ಹತ್ತು ನಿಮಿಷ ಆಯ್ತು."

ಬೇರೆ ದಿನವಾಗಿದ್ದರೆ ಆ ಪ್ರಶ್ನೆ ಅವನನ್ನು ಒಂದು ವಾರ ಕೊರೆಯುತ್ತಿತ್ತು. ಇವತ್ತು ಅದು ಮೇಲಿಂದಲೇ ಹೋಯಿತು, ಯಾಕೆಂದರೆ ಹಾಡುಗಳು ಚೆನ್ನಾಗಿದ್ದವು, ಅವನೆಣಿಸಿದ್ದಕ್ಕಿಂತ ಎಷ್ಟೋ ಚೆನ್ನಾಗಿದ್ದವು. ಸೋಫಾಗಳ ನಡುವಿನ ಡ್ರಮ್ಮು, ಕೋಟುಗಳ ನಡುವಿನ ಕಂಠ, ಕೆಟ್ಟ ಕಿವಿಯ ಕೀಬೋರ್ಡು, ಬಾಗಿಲು ಮುಚ್ಚದ ಕೋಣೆಯ ಗಿಟಾರು ಎಲ್ಲ ಸೇರಿ ಈ ಸಣ್ಣ ಹಾಲಿನ ಗೋಡೆಗಳನ್ನು ಆಚೆಗೆ ತಳ್ಳುತ್ತಿದ್ದವು. ಮೂರನೆಯ ಹಾಡು ಮುಗಿದು ನಾಲ್ಕನೆಯದು ತೊಡಗಿದಾಗ ಅವನು ಎದ್ದು ಅವಳ ಕುರ್ಚಿಯ ಹಿಂದೆ ನಿಂತ. ಗೋದಾಮು ಮೊದಲ ಭಾಗವನ್ನು ಮುಟ್ಟಿಯೇ ಇರಲಿಲ್ಲ. ಬರೀ ಗಿಟಾರು, ಅವನೊಬ್ಬನೇ. ಕೊನೆಯ ಸ್ವರ ಎದ್ದಿತು, ಇಳಿಯಿತು, ಫ್ರಿಜ್ಜಿನ ಗುಂಯ್ ಕೇಳಿಸಿತು, ಆ ಫ್ರಿಜ್ಜೇ ಅಡುಗೆಮನೆಯಲ್ಲಿ ಈಗಲೂ ಗುಂಯ್ ಅನ್ನುತ್ತಿತ್ತು. ಬಟ್ಟೆ ಸರಿಯಿತು.

ಮುಗೀತಾ? ನಾನೀಗ ಉಸಿರಾಡ್ಬಹುದಾ?

ಭಾವಮೈದ ಗಹಗಹಿಸಿ ನಕ್ಕ. "ಇದು ನೀನೇ ಅಲ್ವೇನಕ್ಕಾ?" ಅಂದ. ಅವಳು ನಗಲಿಲ್ಲ. ಹಿಂದಿನಿಂದ ಅವನಿಗೆ ಕಾಣುತ್ತಿದ್ದುದು ಅವಳ ಕತ್ತು ಮಾತ್ರ. ಅದು ಸೆಟೆದು ನಿಂತಿತ್ತು. ಬಸ್‌ಸ್ಟ್ಯಾಂಡಿನ ಆಫೀಸಿನಲ್ಲಿ ಕಂಟ್ರೋಲರು, ಕೌಂಟರಿನವರು ಈಗ ಮುಖಮುಖ ನೋಡಿಕೊಳ್ಳುತ್ತಿರಬೇಕು. ಅವನು ತನ್ನ ಹ್ಞೂ ಬರುವುದನ್ನು ಕಾದ. ಬರಲಿಲ್ಲ. ಯಾರೋ ಅದನ್ನು ಕತ್ತರಿಸಿದ್ದರು; ಅವಳದನ್ನು ಇಟ್ಟು, ಅವನದನ್ನು ಮಾತ್ರ. ಬದಲಿಗೆ ಅವಳ ಮಾತೇ ಮತ್ತೊಮ್ಮೆ ಬಂತು, ಅದರಡಿಯಲ್ಲಿ ಡ್ರಮ್ಮಿನ ಅಂಚಿಗೆ ಕಡ್ಡಿ ತಾಗಿದ ಸಣ್ಣ ಸದ್ದು. ಮುಗೀತಾ, ಐದು ಮಾತ್ರೆ. ನಾನೀಗ, ಐದು. ಉಸಿರಾಡ್, ನಾಲ್ಕು. ಬಹುದಾ, ನಾಲ್ಕು. ಅವಳ ಮಾತಿನ ತೂಕವನ್ನು ಗೋದಾಮು ಅಕ್ಷರಕ್ಕಕ್ಷರ ಎಣಿಸಿ ತಾಳ ಮಾಡಿದ್ದ. ಅವನು ಕೇಳಿಯೇ ಇರದ, ಯಾರೂ ಕಟ್ಟಿಯೇ ಇರದ ಹದಿನೆಂಟರ ಒಂದು ಸುತ್ತು. ಅದರ ಮೇಲೆ ಅಜ್ಜನ ಕೀಬೋರ್ಡು, ಅವಳು ದನಿಯೆತ್ತಿ ಬಿಟ್ಟ ಆ ಕೊನೆಯ ಸ್ವರವನ್ನೇ ಹಿಡಿದು ನಿಂತಿತು, ಕೆಳಗಿಳಿಯಲಿಲ್ಲ. ಆಮೇಲೆ ಕಪಾಟಿನಕ್ಕ ಬಂದಳು. ಮುಗೀಟಾ, ಎಂದು ಹಾಡಿದಳು. ಅರ್ಥ ತಿಳಿಯದ ಭಾಷೆಯನ್ನು ಬಾಯ್ತುಂಬ ತುಂಬಿಕೊಂಡು, ತ ಬರದೆ ಟ ಮಾಡಿಕೊಂಡು, ಆದರೆ ಕೇಳುತ್ತಿರುವುದು ಏನನ್ನು ಎಂಬುದು ಚೆನ್ನಾಗಿ ಗೊತ್ತಿರುವವಳ ಹಾಗೆ. ಗೋಡೆ ಗುದ್ದಿಸಿಕೊಂಡು ಕಪಾಟಿನೊಳಗೆ ಹೋಗಿ ನಿಂತವಳಿಗೆ ಅದನ್ನು ಯಾರೂ ಅನುವಾದಿಸಿ ಕೊಡಬೇಕಿರಲಿಲ್ಲ. ನಾನೀಗ ಉಸಿರಾಡ್ಬಹುದಾ. ಒಂದು ಸಲ ಪಿಸುಮಾತಿನಲ್ಲಿ, ಇನ್ನೊಂದು ಸಲ ಎರಡು ಕಂಠದಲ್ಲಿ, ಆಮೇಲೆ ತನ್ನದೇ ದನಿಯನ್ನು ಹತ್ತಾರು ಪಟ್ಟು ಮಾಡಿ, ಡ್ರಮ್ಮು ಕಡ್ಡಿ ಬಿಟ್ಟು ಪೂರ್ತಿ ತೋಳಿನಿಂದ ಬೀಳತೊಡಗಿದಾಗ ಕೂಗಿ. ಕಿಟಕಿಯ ಗಾಜು ಅದುರಿತು. ಇಡೀ ಆಲ್ಬಮ್ಮು ಬಂದದ್ದು ಇಲ್ಲಿಗೆ, ಈ ಮಾತಿಗೆ. ಅವನು ನುಡಿಸಿದ್ದೆಲ್ಲ ಇದರ ಮುನ್ನುಡಿಯಾಗಿತ್ತು, ಮತ್ತು ಅದಕ್ಕಾಗಿ ಅವನಿಗೆ ಒಂದಿಷ್ಟೂ ಬೇಸರವಾಗಲಿಲ್ಲ. ಗೆದ್ದೆವು ಅನ್ನಿಸಿತು. ಬಹುವಚನದಲ್ಲೇ ಅನ್ನಿಸಿತು.

ಫೋನು ಮೇಜಿನ ಮೇಲೆ ನಡುಗತೊಡಗಿತು, ಎಲ್ಲೆಲ್ಲಿಯವರೋ, ಯಾರಿವಳು, ಯಾವ ಭಾಷೆ, ಎಂದು ಕೇಳುತ್ತಿದ್ದರು. ಭಾವಮೈದನ ನಗು ಯಾವಾಗಲೋ ನಿಂತಿತ್ತು. ಅವನ ಕಾಲು ನೆಲದ ಮೇಲೆ ಐದು, ಐದು ಎಂದು ಹುಡುಕಿ ನಾಲ್ಕರಲ್ಲಿ ಎಡವಿ, ಮುಂದಿನ ಸುತ್ತಿಗೆ ಸರಿಯಾಗಿ ಬಿತ್ತು. ಕುರ್ಚಿಯ ಹಿಂದೆ ನಿಂತವನಿಗೆ ಈಗ ಅವಳ ಹೆಗಲು ಕಂಡಿತು, ಏರಿ ಇಳಿಯುತ್ತಿತ್ತು. ಅಳುತ್ತಿದ್ದಾಳಾ, ನಗುತ್ತಿದ್ದಾಳಾ, ಇಲ್ಲ ಬರೀ ಉಸಿರಾಡುತ್ತಿದ್ದಾಳಾ, ಹಿಂದಿನಿಂದ ತಿಳಿಯಲಿಲ್ಲ. ಮೂರು ವರ್ಷದ್ದನ್ನೆಲ್ಲ ಈಗಲೇ ಹೇಳಿಬಿಡಬೇಕೆನ್ನಿಸಿ ಬಾಗಿದ.

"ನೋಡು, ಇದು ನಾನು ಬೇಕಂತ..."

ಅವಳು ಹಿಂತಿರುಗಿ ಕೂಡ ನೋಡಲಿಲ್ಲ. ಎಡಗೈ ಎತ್ತಿ ಅಂಗೈ ತೋರಿಸಿದಳು.

ಅವನು ಬಾಯಿ ಮುಚ್ಚಿದ. ಕುರ್ಚಿಯ ಬೆನ್ನು ಹಿಡಿದಿದ್ದ ಕೈಯನ್ನು ಅದು ಕಿರುಗುಟ್ಟದ ಹಾಗೆ ಮೆಲ್ಲಗೆ ತೆಗೆದ. ಗಂಟಲಲ್ಲಿ ಕೆಮ್ಮು ಬಂದಿತ್ತು, ನುಂಗಿಕೊಂಡ. ಡ್ರಮ್ಮು ನಿಂತಿತು, ಕಂಠಗಳು ಒಂದೊಂದಾಗಿ ಹೊರಟುಹೋದವು, ಅಜ್ಜನ ಆ ಒಂದು ಸ್ವರ ಉಳಿದು ಸಣ್ಣಗಾಗುತ್ತ ಹೋಯಿತು. ಅದು ಎಲ್ಲಿ ಮುಗಿದು ಫ್ರಿಜ್ಜಿನ ಸದ್ದು ಎಲ್ಲಿ ಶುರುವಾಯಿತೆಂದು ಅವನಿಗೂ ಗೊತ್ತಾಗಲಿಲ್ಲ. ಕೈ ಇನ್ನೂ ಇಳಿದಿರಲಿಲ್ಲ. ಎದೆಯಲ್ಲಿ ಉಸಿರು ಬಿಗಿಹಿಡಿದು, ತನ್ನದೇ ಮನೆಯಲ್ಲಿ, ಅವನು ಕಾಯುತ್ತ ನಿಂತ.

"ಹ್ಞೂ," ಅಂದಳು ಅವಳು, ಕೊನೆಗೆ ಕೈಯಿಳಿಸಿ. "ಈಗ ಉಸಿರಾಡಿ."